ಮನೆಯ ಕರಾವು: ಹಸು ಕಟ್ಟಲಿರುವ ಕಿರಿಯರಿಗೊಂದು ಪತ್ರ



ಹಿರಿಯರಿಂದ ಪಾಲಿಗೆ ಬಂದ ಎರಡು-ಮೂರು ಎಕರೆಯನ್ನು ತಾವೇ ನೋಡಿಕೊಳ್ಳಬೇಕೆಂದು ಪಟ್ಟಣದಿಂದ ಹಳ್ಳಿಗೆ ಮರಳುವ ಕಿರಿಯರಲ್ಲಿ ಅನೇಕರು ಮೊದಲ ವರ್ಷದಲ್ಲೇ ಮನೆಗೊಂದು ಹಸು ಕಟ್ಟಲು ಆತುರಪಡುತ್ತಾರೆ. ಹಾಲು, ಮೊಸರು, ತುಪ್ಪಗಳಿಗೆ ಅಂಗಡಿಯ ದಾರಿ ನೋಡಬೇಕಿಲ್ಲದಿರುವುದು, ತಿಪ್ಪೆಗೆ ಸಗಣಿ ಬೀಳುವುದು, ತೋಟಕ್ಕೆ ಗಂಜಲ ಹರಿಯುವುದು, ಇವೆಲ್ಲ ಸಣ್ಣ ಹಿಡುವಳಿಯ ಆದಾಯ-ವೆಚ್ಚದಲ್ಲಿ ನಿಜಕ್ಕೂ ತೂಕವುಳ್ಳ ಸಂಗತಿಗಳಾದುದರಿಂದ ಆ ಆತುರವನ್ನು ತಪ್ಪೆನ್ನಲಾಗದು. ಆದರೆ ಹಸುವಿನ ವ್ಯಾಪಾರದಲ್ಲಿ ‘ಹೊತ್ತಿಗೆ ಎಷ್ಟು ಲೀಟರ್?’ ಎಂಬ ಪ್ರಶ್ನೆಯೇ ಮೊದಲನೆಯದೂ ಕೊನೆಯದೂ ಆಗಿಬಿಡುವುದು, ಇಂಥ ಹಲವು ಮನೆಗಳಲ್ಲಿ ಎರಡನೇ ವರ್ಷಕ್ಕೇ ಕೊಟ್ಟಿಗೆ ಬರಿದಾಗಲು ಕಾರಣವಾಗುತ್ತದೆ. ಹೊತ್ತಿನ ಹಾಲು ಹಸುವಿನ ಒಂದು ದಿನವನ್ನಷ್ಟೇ ತಿಳಿಸುತ್ತದೆ. ಮನೆಯವರು ಸಾಕಬೇಕಾದುದು ಅದರ ಇಡೀ ವರ್ಷವನ್ನು, ಅಂದರೆ ಈದ ಮೊದಲ ವಾರಗಳ ತುಂಬು ಹಾಲನ್ನೂ ನಡುವಿನ ಇಳಿತವನ್ನೂ ಹಾಲೇ ಇಲ್ಲದ ಎರಡು ತಿಂಗಳನ್ನೂ ಬೇಸಿಗೆಯ ಮೇವಿನ ಬರವನ್ನೂ. ದಕ್ಷಿಣ ಕರ್ನಾಟಕದ ರಾಗಿ, ತೆಂಗು, ಅಡಿಕೆಯ ಸೀಮೆಯಲ್ಲಿ ಐದಾರು ಜನರ ಒಂದು ಕುಟುಂಬ ಒಂದೇ ಹಸುವನ್ನು ತಂದು ಸಾಕುವ ಸಂದರ್ಭವನ್ನು ಮುಂದಿಟ್ಟುಕೊಂಡು, ಆ ವರ್ಷದ ಲೆಕ್ಕವನ್ನು ವ್ಯಾಪಾರಕ್ಕೆ ಮೊದಲೇ ಹಾಕಿಕೊಳ್ಳುವ ಕ್ರಮವನ್ನು ಈ ಪತ್ರದಲ್ಲಿ ವಿವರಿಸಲಾಗಿದೆ.

ಹಸು ಕರು ಹಾಕಿದ ಒಂದೊಂದು ಸರದಿಗೂ ಸೂಲು ಎಂದು ಹೆಸರು. ಮೊದಲ ಬಾರಿ ಈದದ್ದು ಚೊಚ್ಚಲು, ಮುಂದಿನದು ಎರಡನೇ ಸೂಲು. ಪ್ರತಿ ಸೂಲಿನಲ್ಲಿಯೂ ಈದ ಆರರಿಂದ ಎಂಟು ವಾರಗಳೊಳಗೆ ಹಾಲು ತನ್ನ ಗರಿಷ್ಠ ಮಟ್ಟಕ್ಕೆ ಏರಿ, ಆ ಬಳಿಕ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹೋಗಿ, ಹತ್ತನೇ ತಿಂಗಳ ಹೊತ್ತಿಗೆ ಅರ್ಧದ ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಬಂದು ನಿಲ್ಲುತ್ತದೆ. ಗಬ್ಬದ ಅವಧಿ ಸುಮಾರು 280 ದಿನಗಳಾದುದರಿಂದ, ಈದ ಮೂರು ತಿಂಗಳೊಳಗೆ ಹಸು ಮತ್ತೆ ಗಬ್ಬ ಕಟ್ಟಿದರೆ ಮಾತ್ರ ವರ್ಷಕ್ಕೊಂದು ಕರು ಎಂಬ ಕ್ರಮ ಉಳಿಯುತ್ತದೆ. ಮುಂದಿನ ಕರು ಹಾಕುವ 60 ದಿನ ಮುಂಚೆ ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು, ಇದನ್ನೇ ಹಾಲು ಬತ್ತಿಸುವುದು ಎನ್ನುತ್ತಾರೆ. ಈ ಏರಿಳಿತವನ್ನು ಅರಿಯದವರು, ಹೊತ್ತಿಗೆ ಆರು ಲೀಟರ್ ಕೊಡುತ್ತದೆಂದು ತಂದ ಹಸು ಎಂಟನೇ ತಿಂಗಳಲ್ಲಿ ಮೂರು ಲೀಟರಿಗೆ ಇಳಿದಾಗ, ಮಾರಿದವನು ಸತ್ಯವನ್ನೇ ನುಡಿದಿದ್ದರೂ ಅವನನ್ನು ಶಪಿಸುತ್ತಾರೆ. ಐದಾರು ಜನರ ಮನೆಗೆ ಕಾಫಿ, ಮೊಸರು, ಮಕ್ಕಳ ಹಾಲು ಎಲ್ಲ ಸೇರಿ ದಿನಕ್ಕೆ ಮೂರು ಲೀಟರ್ ಸಾಕಾಗುತ್ತದೆ ಎಂದಿಟ್ಟುಕೊಂಡರೆ, ಗರಿಷ್ಠ ಮಟ್ಟದಲ್ಲಿ ದಿನಕ್ಕೆ ಏಳೆಂಟು ಲೀಟರ್ ಕೊಡುವ ಸಾಧಾರಣ ಹಸುವೇ ಇಳಿಗಾಲದಲ್ಲೂ ಆ ಮನೆಯನ್ನು ನಡೆಸಬಲ್ಲದು. ಇಪ್ಪತ್ತು ಲೀಟರಿನ ಹಸು ಅಂಥ ಮನೆಗೆ ಬೇಕಾಗಿಯೇ ಇಲ್ಲ.

ಬೇಡವೆನ್ನುವುದಕ್ಕೆ ಹಾಲಿನ ಮೇಲಿನ ಅನಾದರ ಕಾರಣವಲ್ಲ, ಮೇವಿನ ಲೆಕ್ಕ ಕಾರಣ. ಸುಮಾರು 400 ಕಿಲೋ ತೂಗುವ ಮಿಶ್ರತಳಿ ಹಸು, ಅಂದರೆ ವಿದೇಶಿ ತಳಿಯ ಹೋರಿಯ ವೀರ್ಯ ಮತ್ತು ನಾಡಹಸುವಿನ ಸಂಕರದಿಂದ ಬಂದ ಸಂತತಿ, ದಿನಕ್ಕೆ 20ರಿಂದ 25 ಕಿಲೋ ಹಸಿಮೇವನ್ನೂ ಐದಾರು ಕಿಲೋ ಒಣಹುಲ್ಲನ್ನೂ ಬೇಡುತ್ತದೆ. ಇದರ ಜೊತೆಗೆ ಪಶು ಆಹಾರ ಬೇಕು. ಕಡಲೆಕಾಯಿ ಅಥವಾ ಹತ್ತಿಕಾಳಿನ ಹಿಂಡಿ, ಗೋಧಿ ಬೂಸಾ, ತೌಡು, ಮುಸುಕಿನ ಜೋಳದ ನುಚ್ಚು ಮುಂತಾದವುಗಳ ಮಿಶ್ರಣಕ್ಕೆ ಈ ಹೆಸರಿದ್ದು, ಹಸುವಿನ ಶರೀರಪೋಷಣೆಗೆಂದು ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಹತ್ತು ಲೀಟರಿನ ಹಸುವಿಗೆ ಈ ಲೆಕ್ಕದಲ್ಲಿ ಐದೂವರೆ ಕಿಲೋ, ಇಪ್ಪತ್ತು ಲೀಟರಿನದಕ್ಕೆ ಒಂಬತ್ತೂವರೆ ಕಿಲೋ ಚೀಲದಿಂದ ಹೊರಬರಬೇಕು; ಸ್ವಂತಕ್ಕೆ ಮೂರು ಲೀಟರ್ ಬಳಸುವ ಮನೆ ಉಳಿದ ಹಾಲನ್ನು ಮಾರಿ ಚೀಲದ ಹಣ ತುಂಬಬೇಕಾಗುವುದರಿಂದ, ಅಲ್ಲಿಂದ ಮುಂದೆ ಅದು ಮನೆಬಳಕೆಯ ಹಸುವಾಗಿ ಉಳಿಯದೆ ಹೈನೋದ್ಯಮವಾಗಿ ಮಾರ್ಪಡುತ್ತದೆ. ಹೈನೋದ್ಯಮ ಕೀಳೆಂದು ಇಲ್ಲಿ ಹೇಳಲಾಗುತ್ತಿಲ್ಲ. ಅದು ಬೇರೆ ಕಸುಬು, ಅದರ ಬಂಡವಾಳ ಮತ್ತು ದುಡಿಮೆ ಬೇರೆ.

ಹೀಗಾಗಿ ಹಸುವಿಗಿಂತ ಮೊದಲು ಮೇವು ಕೊಟ್ಟಿಗೆ ಸೇರಬೇಕು. ನೀರಿನ ಅನುಕೂಲವಿದ್ದರೆ ಐದರಿಂದ ಎಂಟು ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲನ್ನು ಹಸು ಬರುವುದಕ್ಕೆ ಮೂರು ತಿಂಗಳು ಮುಂಚೆಯೇ ನಾಟಿ ಮಾಡಿಕೊಳ್ಳುವುದು, ಬದುಗಳ ಮೇಲೆ ಅಗಸೆ, ಗ್ಲಿರಿಸಿಡಿಯಾದಂಥ ಸೊಪ್ಪಿನ ಗಿಡಗಳನ್ನು ಏಳಿಸುವುದು, ಸಾಲುಗಳ ನಡುವೆ ಅಲಸಂದೆ ಚೆಲ್ಲುವುದು ಒಂದು ಹಸುವಿಗೆ ಬಹುಮಟ್ಟಿಗೆ ಸಾಕಾಗುವ ಏರ್ಪಾಡು. ಒಣಹುಲ್ಲಿನ ವಿಷಯದಲ್ಲಿ ರಾಗಿಯ ಸೀಮೆಯವರು ಭಾಗ್ಯವಂತರು: ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿದ್ದು, ಅದರಲ್ಲಿರುವ ಆಕ್ಸಲೇಟು ಸುಣ್ಣಾಂಶವನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುವುದರಿಂದ, ಭತ್ತದ ಹುಲ್ಲನ್ನೇ ನೆಚ್ಚಿಕೊಂಡ ಹಸುವಿಗೆ ಖನಿಜ ಮಿಶ್ರಣವನ್ನು ತಪ್ಪದೆ ಕೊಡಬೇಕಾಗುತ್ತದೆ, ರಾಗಿ ಹುಲ್ಲು ಈ ದೋಷಗಳಿಂದ ಬಹುಪಾಲು ಮುಕ್ತವಾಗಿದೆ. ದಿನಕ್ಕೆ ಆರು ಕಿಲೋದಂತೆ ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕಿ ಹುಲ್ಲು ಬೇಕಾಗುವುದರಿಂದ, ಸುಗ್ಗಿ ಮುಗಿದು ಹುಲ್ಲು ಅಗ್ಗವಾಗಿರುವಾಗಲೇ ಮೆದೆ ಒಟ್ಟಿಕೊಳ್ಳದವರು ಮೇ ತಿಂಗಳಲ್ಲಿ ಅದೇ ಹುಲ್ಲಿಗೆ ದುಬಾರಿ ಬೆಲೆ ತೆರುತ್ತಾರೆ. ಜೋಳ ಬೆಳೆಯುವವರು ಇನ್ನೊಂದನ್ನು ನೆನಪಿಡಬೇಕು: ಎಳೆಯ ಜೋಳದ ಪೈರಿನಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿ ಮತ್ತೆ ಚಿಗುರಿದ ಪೈರಿನಲ್ಲಿ, ಸಯನೈಡಿನ ಅಂಶ ಕೂಡಿರುತ್ತದೆ, ಅಂಥದನ್ನು ಮೇಯ್ದ ದನ ಕೆಲವೇ ನಿಮಿಷಗಳಲ್ಲಿ ಸಾಯಬಹುದು.

ನೀರು ದಿನಕ್ಕೆ ಐವತ್ತು ಅರವತ್ತು ಲೀಟರಿಗೆ ಕಡಮೆಯಾಗಬಾರದು; ಬೇಸಿಗೆಯಲ್ಲಿ ಮತ್ತು ತುಂಬು ಹಾಲಿನ ದಿನಗಳಲ್ಲಿ ಅದಕ್ಕಿಂತ ಹೆಚ್ಚು. ಅಡುಗೆಮನೆಯ ಕಲಗಚ್ಚು ಹಸುವಿಗೆ ರುಚಿಸುತ್ತದೆ ನಿಜ, ಆದರೆ ಅದು ನೀರಿಗೆ ಬದಲಿಯಲ್ಲ. ಹಬ್ಬದ ಮರುದಿನ ಉಳಿದ ಅನ್ನ, ಪಾಯಸಗಳನ್ನು ಬಕೆಟ್ಟಿನ ತುಂಬ ಸುರಿಯುವುದಂತೂ ಅಪಾಯಕರ; ಪಿಷ್ಟ ಒಮ್ಮೆಲೇ ಹೆಚ್ಚಾದಾಗ ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಆಮ್ಲ ಏರಿ, ಮೆಲುಕು ನಿಂತು, ಪ್ರಾಣಕ್ಕೇ ಸಂಚಕಾರ ಬರುವುದುಂಟು.

ತಳಿಯ ಆಯ್ಕೆ ಮೇಲಿನ ಲೆಕ್ಕದಿಂದಲೇ ಹುಟ್ಟಬೇಕು. ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ, ಹಳ್ಳಿಗರ ಬಾಯಲ್ಲಿ ಎಚ್.ಎಫ್., ಹಾಲಿನಲ್ಲಿ ಮುಂದಿದ್ದರೂ ಬಿಸಿಲು ಏರಿದಂತೆ ಮೇವು ಬಿಟ್ಟು ಏದುಸಿರು ಬಿಡುತ್ತದೆ. ಜರ್ಸಿ ಮಿಶ್ರತಳಿ ಗಾತ್ರದಲ್ಲಿ ಚಿಕ್ಕದು, ಮೇವು ಕಡಮೆ, ಹಾಲಿನ ಪ್ರಮಾಣ ಸ್ವಲ್ಪ ತಗ್ಗಿದರೂ ಕೊಬ್ಬಿನಂಶ ಹೆಚ್ಚಿರುವುದರಿಂದ ಮೊಸರು-ತುಪ್ಪದ ಮನೆಗೆ ಅದೇ ಒಗ್ಗುತ್ತದೆಂಬುದು ಈ ಪತ್ರದ ನಿಲುವು. ಕರ್ನಾಟಕದ ಹೆಸರಾಂತ ನಾಡತಳಿಗಳಾದ ಹಳ್ಳಿಕಾರ್, ಅಮೃತ್ ಮಹಲ್, ಖಿಲಾರಿಗಳು ದುಡಿಮೆಗಾಗಿ ಬೆಳೆಸಿದ ತಳಿಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಮೊದಲ್ಗೊಂಡು ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದ ಇಲಾಖೆಯ ದನಗಳು ಸೈನ್ಯದ ಸಾಮಗ್ರಿಗಳನ್ನು ಎಳೆಯುವುದರಲ್ಲಿ ಕೀರ್ತಿ ಗಳಿಸಿದವೇ ಹೊರತು ಹಾಲಿನಲ್ಲಲ್ಲ. ಹಳ್ಳಿಕಾರ್ ಹಸುವಿನಿಂದ ದಿನಕ್ಕೆ ಎರಡು-ಮೂರು ಲೀಟರಿಗಿಂತ ಹೆಚ್ಚನ್ನು ನಿರೀಕ್ಷಿಸುವವರು ನಿರಾಶರಾಗುತ್ತಾರೆ. ಮಲೆನಾಡಿನ ಅಂಚಿನವರಿಗೆ ಮಲೆನಾಡು ಗಿಡ್ಡ ಇದೆ. ನೂರು ಕಿಲೋ ಆಸುಪಾಸಿನ ಈ ಪುಟ್ಟ ತಳಿ ಬೆಟ್ಟದ ಹುಲ್ಲು, ಸೊಪ್ಪು ಮೇಯ್ದೇ ಬದುಕಿ ದಿನಕ್ಕೆ ಒಂದೆರಡು ಲೀಟರ್ ಕೊಡುತ್ತದೆ. ಇಬ್ಬರು ವೃದ್ಧರಷ್ಟೇ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಹಸು ಸಿಗಲಾರದು. ಮಿಶ್ರತಳಿಯನ್ನು ಮಲೆನಾಡಿಗೆ ಒಯ್ಯುವವರಾದರೂ ಉಣ್ಣೆಯ ಕಾಟವನ್ನು ಲಘುವಾಗಿ ಎಣಿಸಬಾರದು: ಉಣ್ಣೆಯಿಂದ ಹರಡುವ ಥೈಲೀರಿಯಾಸಿಸ್ ಎಂಬ ರಕ್ತದ ರೋಗ ನಾಡದನಗಳನ್ನು ಅಷ್ಟಾಗಿ ಬಾಧಿಸದಿದ್ದರೂ ಮಿಶ್ರತಳಿಗಳನ್ನು ಕೆಡವುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳೂ ಕಾಡಿನಂಚಿನಲ್ಲಿ ಮೇಯುವ ದನಗಳ ರಕ್ತ ಹೀರಿ ಬೆಳೆಯುವಂಥವೇ ಆದುದರಿಂದ, ಅಲ್ಲಿ ಹಸುವಿನ ಮೈ ನೋಡುವುದು ಮನೆಯವರ ಆರೋಗ್ಯದ ಪ್ರಶ್ನೆಯೂ ಆಗಿದೆ.

ನಾಡತಳಿಯ ಹಾಲಿಗೆ ಎ2 ಎಂಬ ಪಟ್ಟಿ ಅಂಟಿಸಿ ದುಪ್ಪಟ್ಟು ಬೆಲೆಗೆ ಮಾರುವ ವಾಡಿಕೆ ಈಚೆಗೆ ಬೆಳೆದಿದೆ. ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ಮುಖ್ಯ ರೂಪಗಳಲ್ಲಿ ಒಂದಕ್ಕೆ ಈ ಹೆಸರಿದ್ದು, ನಾಡದನಗಳಲ್ಲಿ ಅದೇ ಪ್ರಧಾನವೆಂಬುದು ನಿಜ. ಅದನ್ನು ಕುಡಿದವರಿಗೆ ಸಕಲ ರೋಗಗಳೂ ದೂರವಾಗುತ್ತವೆಂಬುದು ಮಾತ್ರ ಸಾಬೀತಾಗದ ಮಾತು.

ಇನ್ನು ಹಸುವನ್ನು ನೋಡುವ ವಿಷಯ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆಗಳ ದನಗಳ ಜಾತ್ರೆಗಳು ಎತ್ತು ಮತ್ತು ಹೋರಿಗಳಿಗೆ ಹೆಸರಾದವು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಗಳ ಲೋಕದಲ್ಲಿ ಹೊಸಬರು ಕರಾವಿನ ಹಸುವನ್ನು ಹುಡುಕುವುದು ಜಾಣತನವಲ್ಲ. ಹತ್ತಿಪ್ಪತ್ತು ಕಿಲೋಮೀಟರಿನೊಳಗಿನ, ಪರಿಚಯದವರ ಮೂಲಕ ತಿಳಿದ, ಸ್ವಂತ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಹಸುವನ್ನು ಅದರ ಗೊಂತಿನ ಮುಂದೆಯೇ ನಿಂತು ಕೊಳ್ಳುವುದು ಲೇಸು. ಅಂಥ ಮನೆಯವರು ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವವರಾಗಿದ್ದರೆ, ದಿನದಿನದ ಅಳತೆ ಮತ್ತು ಕೊಬ್ಬಿನಂಶ ಸಂಘದ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಒಂದೇ ಹಸುವಿರುವ ಮನೆಯಾದರೆ ಆ ಲೆಕ್ಕವನ್ನು ಮೀರಿದ ಸಾಕ್ಷಿ ಬೇಕಿಲ್ಲ.

ಹೊಸಬರಿಗೆ ಹೊಂದುವುದು ಎರಡನೇ ಅಥವಾ ಮೂರನೇ ಸೂಲಿನ, ಈದು ಒಂದೆರಡು ತಿಂಗಳಾದ, ಕರು ಜೊತೆಗಿರುವ ಹಸು. ಚೊಚ್ಚಲು ಕಡಸು ಬೆಲೆಯಲ್ಲಿ ಅಗ್ಗವಾಗಿ ಕಂಡರೂ ಕರೆಯಿಸಿಕೊಳ್ಳುವುದು ಅದಕ್ಕೂ ಹೊಸದು, ಕರೆಯುವುದು ಮನೆಯವರಿಗೂ ಹೊಸದು. ಇಬ್ಬರೂ ಒಟ್ಟಿಗೆ ಕಲಿಯುವ ಪ್ರಯೋಗದಲ್ಲಿ ಒದೆತವೂ ಕೆಚ್ಚಲು ಬಾವೂ ಹೆಚ್ಚು. ವಯಸ್ಸನ್ನು ಹಲ್ಲಿನಿಂದ ಅಳೆಯಲಾಗುತ್ತದೆ. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ. ಕೆಳದವಡೆಯ ಎಂಟು ಹಾಲುಹಲ್ಲುಗಳು ಎರಡೆರಡಾಗಿ ಬಿದ್ದು ಅಗಲವಾದ ಶಾಶ್ವತ ಹಲ್ಲುಗಳು ಬರುವುದರಿಂದ, ಎರಡು ಹಲ್ಲೆಂದರೆ ಎರಡು-ಎರಡೂವರೆ ವರ್ಷ, ನಾಲ್ಕು ಹಲ್ಲೆಂದರೆ ಮೂರರ ಆಸುಪಾಸು, ಆರು ಹಲ್ಲೆಂದರೆ ನಾಲ್ಕರ ಸಮೀಪ, ಎಂಟೂ ಬಂದು ಬಾಯಿಗೂಡಿದೆಯೆಂದರೆ ಐದು ವರ್ಷ ಎಂದು ತಿಳಿಯಬೇಕು. ಅದರಾಚೆಗೆ ಹಲ್ಲಿನ ಸವೆತವನ್ನು ನೋಡಿ ಅಂದಾಜಿಸಬೇಕಲ್ಲದೆ ಖಚಿತವಾಗಿ ಹೇಳಲಾಗದು. ಆರು ಹಲ್ಲಿನ ಹಸು ಐದನೇ ಸೂಲೆಂದೋ, ಬಾಯಿಗೂಡಿ ಹಲ್ಲು ಸವೆದದ್ದು ಎರಡನೇ ಸೂಲೆಂದೋ ಹೇಳುವವರ ಬಳಿ ಮಾತು ಮುಂದುವರಿಸುವ ಅಗತ್ಯವಿಲ್ಲ.

ಕೆಚ್ಚಲಿನ ಪರೀಕ್ಷೆಗೆ ಆತುರ ಸಲ್ಲದು. ದೊಡ್ಡ ಕೆಚ್ಚಲೆಲ್ಲ ಹಾಲಿನ ಕೆಚ್ಚಲಲ್ಲ. ಕರೆದ ಮೇಲೆ ಬರಿದಾದ ಚೀಲದಂತೆ ಮೆತ್ತಗೆ ಕುಗ್ಗಬೇಕು. ಕರೆದ ನಂತರವೂ ಗಟ್ಟಿಯಾಗಿ, ಗಂಟುಗಂಟಾಗಿ ಉಳಿಯುವ ಭಾಗದಲ್ಲಿ ಹಿಂದೆ ಬಾವು ಬಂದು ಹೋಗಿರುವ ಸಂಭವವಿದೆ. ಹೊಟ್ಟೆಯ ಕೆಳಗೆ ಮುಂದಕ್ಕೆ ಹರಿಯುವ ಹಾಲಿನ ನರ ದಪ್ಪವಾಗಿ ಅಂಕುಡೊಂಕಾಗಿರುವುದು, ನಾಲ್ಕು ಮೊಲೆಗಳೂ ಸಮವಾಗಿದ್ದು ಮುಷ್ಟಿಗೆ ಸಿಗುವಷ್ಟು ಉದ್ದವಿರುವುದು ಒಳ್ಳೆಯ ಲಕ್ಷಣ. ಪ್ರತಿ ಮೊಲೆಯ ಮೊದಲ ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿದರೆ ಹಾಲಿನಲ್ಲಿ ಹೆಪ್ಪಿನ ಚೂರುಗಳಿರುವುದು ಕೂಡಲೇ ಕಾಣುತ್ತದೆ. ಕಣ್ಣಿಗೆ ಕಾಣದ ಒಳಬಾವನ್ನು ಸಿ.ಎಂ.ಟಿ. ಎಂಬ ಸರಳ ದ್ರಾವಣ ಪರೀಕ್ಷೆ ತೋರಿಸಿಕೊಡುತ್ತದೆ. ಮಾರುವ ದಿನ ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ಬಿಗಿದು ತೋರಿಸುವುದು ಹಳೆಯ ಉಪಾಯ. ಬೇರೆ ಹಸುವಿನ ಎಳೆಗರುವನ್ನು ಪಕ್ಕಕ್ಕೆ ಕಟ್ಟಿ ‘ಈಗಷ್ಟೇ ಈದದ್ದು’ ಎನ್ನುವುದೂ ಉಂಟು. ಇವೆರಡಕ್ಕೂ ಮದ್ದು ಒಂದೇ: ಹಿಂದಿನ ಸಂಜೆ, ಮರುದಿನದ ಬೆಳಗು, ಆ ದಿನದ ಸಂಜೆ, ಹೀಗೆ ಸತತ ಮೂರು ಕರಾವುಗಳನ್ನು ಎದುರಿಗೆ ನಿಂತು ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡನ್ನೇ ದಿನದ ಹಾಲೆಂದು ಎಣಿಸುವುದು, ಅದರಲ್ಲೊಂದನ್ನು ಕೊಳ್ಳುವವರ ಕೈಯಿಂದಲೇ ಕರೆದು ನೋಡುವುದು. ಅಪರಿಚಿತ ಕೈಗೆ ಒದೆಯದ, ಹಾಯದ, ಹೆಂಗಸರು ಮಕ್ಕಳು ಹತ್ತಿರ ಬಂದರೆ ಬೆದರದ ಹಸು ಲೀಟರ್ ಲೆಕ್ಕದಲ್ಲಿ ಹಿಂದಿದ್ದರೂ ಮನೆಗೆ ಅದೇ ಲಾಭ.

ಸುಳಿ ನೋಡುವ ಪದ್ಧತಿಯ ಬಗೆಗೂ ಒಂದು ಮಾತು. ಮೈಮೇಲಿನ ಕೂದಲ ಸುಳಿಗಳ ಸ್ಥಾನದಿಂದ ಹಸುವಿನ ಶುಭಾಶುಭ ನಿರ್ಣಯಿಸುವ ಪರಿಣತರು ಊರೂರಲ್ಲಿದ್ದಾರೆ. ಸುಳಿಗೂ ಹಾಲಿಗೂ ಸಂಬಂಧವಿಲ್ಲ. ಆದರೆ ಕೆಟ್ಟ ಸುಳಿಯೆಂದು ಹೆಸರಾದ ಹಸುವನ್ನು ಮುಂದೆ ಮಾರುವಾಗ ಬೆಲೆ ಮುರಿಯುವುದು ವಾಸ್ತವ. ಅದನ್ನು ನಂಬದವರಿಗೆ ಇಂಥ ಹಸು ಅಗ್ಗಕ್ಕೆ ಸಿಗುವುದೂ ಅಷ್ಟೇ ವಾಸ್ತವ.

ಮುಂಗಡ ಕೊಡುವ ಮುನ್ನ ಪಶುವೈದ್ಯರಿಂದ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳದೆ ವ್ಯಾಪಾರ ಮುಗಿಸಬಾರದು. ಗಬ್ಬವೆಂದು ಹೇಳಿದ್ದರೆ ಅದು ನಿಜವೇ, ಎಷ್ಟು ತಿಂಗಳು ಎಂಬುದು ಒಂದು. ಬ್ರುಸೆಲ್ಲೋಸಿಸ್ ಇಲ್ಲವೆಂಬುದು ಎರಡನೆಯದು. ಹಸು ತಿಂಗಳು ತುಂಬುವ ಮುನ್ನವೇ ಕಂದು ಹಾಕುವಂತೆ ಮಾಡುವ ಈ ಸೋಂಕು ಹಸಿಹಾಲಿನಿಂದಲೂ, ಕಂದು ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ಅಂಟಿ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರವನ್ನು ತರುತ್ತದೆ. ಕ್ಷಯದ ಪರೀಕ್ಷೆ ಮೂರನೆಯದು. ಪರೀಕ್ಷೆ ಏನೇ ಹೇಳಲಿ, ಮನೆಯ ಹಸುವಿನ ಹಾಲೆಂಬ ಅಭಿಮಾನದಿಂದ ಕಾಯಿಸದೆ ಕುಡಿಯುವ ರೂಢಿಯನ್ನು ಯಾವ ಮನೆಯೂ ಬೆಳೆಸಿಕೊಳ್ಳಬಾರದು. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಗಳ ಹಳದಿ ಓಲೆ ಇರುತ್ತದೆ; ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆ ಹಾಕಿದ ವಿವರ ಆ ಸಂಖ್ಯೆಗೆ ಸೇರಿಕೊಂಡಿರುವುದರಿಂದ, ಕೊಂಡ ಬಳಿಕ ಒಡೆತನವನ್ನು ಹೊಸ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ ಸಾಗಣೆಗೂ ನಿಯಮಗಳನ್ನು ವಿಧಿಸಿರುವುದರಿಂದ, ಖರೀದಿಯ ರಸೀದಿ ಮತ್ತು ಪಶುವೈದ್ಯರ ಪತ್ರವಿಲ್ಲದೆ ಹಸುವನ್ನು ವಾಹನಕ್ಕೆ ಏರಿಸುವುದು ಉಚಿತವಲ್ಲ.

ಹಸು ಮನೆಗೆ ಬಂದ ಮೊದಲ ಮೂರು ವಾರಗಳು ಮುಂದಿನ ವರ್ಷಗಳನ್ನು ನಿರ್ಧರಿಸುತ್ತವೆ. ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಬಾಳೆಹಣ್ಣು ಬೆಲ್ಲ ತಿನ್ನಿಸಿ ಒಳಗೆ ಕರೆದುಕೊಳ್ಳುವುದು ಊರಿನ ಸಂಪ್ರದಾಯ; ಅದು ನಡೆಯಲಿ, ಆದರೆ ನೆರೆಹೊರೆಯವರೆಲ್ಲ ಸಾಲಾಗಿ ಬಂದು ತಿನ್ನಿಸುವ ಅಕ್ಕಿ-ಬೆಲ್ಲಕ್ಕೆ ಮಿತಿ ಇರಲಿ. ರೂಮೆನ್‌ನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಒಂದು ಬಗೆಯ ಮೇವಿಗೆ ಹೊಂದಿಕೊಂಡಿರುತ್ತವೆ. ಹೊಸ ಮೇವಿಗೆ ಅವು ಒಗ್ಗಲು ಎರಡು-ಮೂರು ವಾರ ಬೇಕಾಗುವುದರಿಂದ, ಮಾರುವವರಿಂದಲೇ ಒಂದು ವಾರದ ಹುಲ್ಲು ಮತ್ತು ಪಶು ಆಹಾರವನ್ನು ಕೊಂಡು ತಂದು, ಹೊಸದನ್ನು ದಿನಕ್ಕಿಷ್ಟಿಷ್ಟೇ ಬೆರೆಸುತ್ತ ಹೋಗಬೇಕು. ಮನೆಯಲ್ಲಿ ಅಥವಾ ಪಕ್ಕದ ಕೊಟ್ಟಿಗೆಯಲ್ಲಿ ಬೇರೆ ದನಗಳಿದ್ದರೆ ಹೊಸ ಹಸುವನ್ನು ಮೂರು ವಾರ ದೂರ ಕಟ್ಟಿ, ಅದರ ಬಕೆಟ್ಟು, ಗೊಂತು, ಹಗ್ಗಗಳನ್ನು ಬೇರೆಯೇ ಇಡಬೇಕು. 2022ರಲ್ಲಿ ರಾಜ್ಯದ ಜಿಲ್ಲೆಜಿಲ್ಲೆಗಳಲ್ಲಿ ಚರ್ಮಗಂಟು ರೋಗ ಹಬ್ಬಿ ದನಗಳ ಸಂತೆ-ಜಾತ್ರೆಗಳನ್ನೇ ತಡೆಹಿಡಿಯಬೇಕಾಗಿ ಬಂದದ್ದನ್ನು ಕಂಡವರಿಗೆ ಈ ಎಚ್ಚರದ ಬೆಲೆ ತಿಳಿದಿದೆ.

ಮೊದಲ ದಿನಗಳಲ್ಲಿ ಹಾಲು ಇಳಿದೇ ಇಳಿಯುತ್ತದೆ. ಹಸು ಹಿಂಡಿನ ಪ್ರಾಣಿಯಾದುದರಿಂದ ಹಳೆಯ ಜೊತೆಯನ್ನು ನೆನೆದು ರಾತ್ರಿಯೆಲ್ಲ ಅಂಬಾ ಎನ್ನಬಹುದು, ಮೇವನ್ನು ಮೂಸಿ ಬಿಡಬಹುದು, ಸೊರೆಯನ್ನೇ ಬಿಡದಿರಬಹುದು. ಸೊರೆ ಬಿಡುವುದೆಂದರೆ ಕೆಚ್ಚಲೊಳಗಿನ ಹಾಲು ಮೊಲೆಗೆ ಇಳಿಯುವುದು. ಕರುವಿನ ಗುದ್ದು, ಕೆಚ್ಚಲು ತೊಳೆಯುವ ಬೆಚ್ಚನೆಯ ನೀರು, ಪರಿಚಿತ ಪಾತ್ರೆಯ ಸದ್ದು, ಇವುಗಳಿಂದ ಮೆದುಳು ಪ್ರಚೋದಿತವಾಗಿ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿದಾಗ ಹಾಲಿನ ಕೋಶಗಳ ಸುತ್ತಲಿನ ಸ್ನಾಯುಗಳು ಹಿಂಡಿದಂತಾಗಿ ಸೊರೆ ಇಳಿಯುತ್ತದೆ. ಈ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ ಇರುವುದರಿಂದ ಅಷ್ಟರೊಳಗೆ ಕರೆದು ಮುಗಿಸಬೇಕು. ಹಸು ಬೆದರಿದರೆ ಅಡ್ರಿನಲಿನ್ ಎಂಬ ಬೇರೊಂದು ಹಾರ್ಮೋನು ಅದನ್ನು ತಡೆಯುತ್ತದೆ. ಆದುದರಿಂದ ಹೊಡೆದು ಬೈದು ಹಾಲು ಪಡೆಯುವವರು ಶರೀರಶಾಸ್ತ್ರಕ್ಕೇ ವಿರುದ್ಧವಾಗಿ ಕೆಲಸ ಮಾಡುತ್ತಿರುತ್ತಾರೆ, ಚುಚ್ಚುಮದ್ದಿನಿಂದ ಸೊರೆ ಇಳಿಸುವವರು ಹಸುವನ್ನು ಅದಿಲ್ಲದೆ ಹಾಲು ಕೊಡದ ಸ್ಥಿತಿಗೆ ತಳ್ಳುತ್ತಾರೆ. ದಿನವೂ ಒಂದೇ ಹೊತ್ತು, ಒಂದೇ ಜಾಗ, ಆದಷ್ಟು ಒಂದೇ ಕೈ, ಕರೆಯುವಾಗ ಗೊಂತಿನಲ್ಲಿ ಒಂದು ಹಿಡಿ ಬೂಸಾ: ಇಷ್ಟು ಪಾಲಿಸಿದರೆ ಹತ್ತು ಹನ್ನೆರಡು ದಿನಗಳಲ್ಲಿ ಹಾಲು ತನ್ನ ಮಟ್ಟಕ್ಕೆ ಮರಳುವುದು ಸಾಮಾನ್ಯ. ಹೆಬ್ಬೆರಳನ್ನು ಮಡಚಿ ಗೆಣ್ಣಿನಿಂದ ಜಗ್ಗಿ ಕರೆಯುವ ಅಭ್ಯಾಸ ಮೊಲೆಯ ಒಳಪದರವನ್ನು ಗಾಯಗೊಳಿಸುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತುವುದು ಸರಿಯಾದ ಕ್ರಮ. ಕರೆದ ಮೇಲೆ ಮೊಲೆಯ ತುದಿಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ ಅಷ್ಟು ಹೊತ್ತು ಮುಂದೆ ಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಬೇಕು. ಸಗಣಿಯ ನೆಲದಲ್ಲಿ ಆಗಲೇ ಮಲಗಿದರೆ ಸೋಂಕು ಒಳನುಗ್ಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಬೆದೆಯ ವಿಷಯವನ್ನು ಮರೆತವರು ಎರಡನೇ ವರ್ಷ ಹಾಲಿಲ್ಲದ ಹಸುವನ್ನು ಸಾಕುತ್ತಾರೆ. ಬೆದೆ ಎಂದರೆ ಹಸು ಗಬ್ಬ ಕಟ್ಟಲು ಸಿದ್ಧವಾಗಿರುವ ಹೊತ್ತು. ಅದು 21 ದಿನಗಳಿಗೊಮ್ಮೆ ಬಂದು ಸುಮಾರು 12ರಿಂದ 18 ಗಂಟೆ ಮಾತ್ರ ಇರುತ್ತದೆ. ಜೊತೆಗೆ ಬೇರೆ ದನಗಳಿದ್ದರೆ ಒಂದರ ಮೇಲೊಂದು ಏರುವುದರಿಂದ ಸುಳಿವು ಸಿಗುತ್ತದೆ. ಒಂಟಿ ಹಸುವಿನಲ್ಲಿ ಕಾರಣವಿಲ್ಲದ ಕೂಗು, ಹಾಲಿನ ದಿಢೀರ್ ಇಳಿತ, ಬಾಲದ ಬುಡದಲ್ಲಿ ಗಾಜಿನಂಥ ಲೋಳೆ, ಇವುಗಳನ್ನು ನೋಡಿಯೇ ತಿಳಿಯಬೇಕಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅಂದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿ. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ ಈ ದಿನಗಳನ್ನು ಗುರುತು ಹಾಕುವ ಮನೆಯವರಿಗೆ ಬೇರೆ ಯಾವ ಯಂತ್ರವೂ ಬೇಕಿಲ್ಲ.

ಮೊದಲ ಸಲ ಮನೆಯಲ್ಲೇ ಹಸು ಈಯುವಾಗ ಗಾಬರಿ ಸಹಜ. ಹುಟ್ಟಿದ ಗಂಟೆಯೊಳಗೆ ಕರುವಿಗೆ ಗಿಣ್ಣುಹಾಲು ಸೇರಬೇಕು, ಏಕೆಂದರೆ ರೋಗ ತಡೆಯುವ ಶಕ್ತಿ ಕರುವಿಗೆ ಗರ್ಭದಲ್ಲಿ ದೊರೆಯದೆ ಈ ಹಾಲಿನಿಂದಲೇ ದೊರೆಯುತ್ತದೆ, ಅದನ್ನು ಹಾಗೆಯೇ ಹೀರಿಕೊಳ್ಳುವ ಸಾಮರ್ಥ್ಯ ಕರುಳಿಗೆ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಮನೆಯವರ ಗಿಣ್ಣಿನ ಆಸೆ ಕರು ಕುಡಿದು ಮಿಕ್ಕಿದ್ದರಲ್ಲಿ ತೀರಲಿ. ಮಾಸು ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಕೈಯಿಂದ ಎಳೆಯುವುದಾಗಲಿ ತೂಕ ಕಟ್ಟುವುದಾಗಲಿ ಮಾಡದೆ ವೈದ್ಯರನ್ನು ಕರೆಸಬೇಕು. ಮೂರನೇ ಸೂಲಿನ ಬಳಿಕ, ಈದ ಎರಡು-ಮೂರು ದಿನಗಳಲ್ಲಿ ಹಸು ಏಳಲಾರದೆ ಕತ್ತನ್ನು ಪಕ್ಕೆಗೆ ಹೊರಳಿಸಿ ಕುಳಿತು, ಕಿವಿಗಳು ತಣ್ಣಗಾದರೆ ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯೇರದ ಈ ಸ್ಥಿತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದೇ ಕಾರಣ, ನರಕ್ಕೆ ಕ್ಯಾಲ್ಸಿಯಂ ಹನಿಸಿದರೆ ಗಂಟೆಯೊಳಗೆ ಎದ್ದು ನಿಲ್ಲುವುದೂ ಉಂಟು, ತಡಮಾಡಿದರೆ ಹಸು ಉಳಿಯದು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದೆಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಗಂಡುಕರುವಿನ ಪ್ರಶ್ನೆಯನ್ನು ಹಸು ತರುವ ಮುನ್ನವೇ ಮನೆಯಲ್ಲಿ ಚರ್ಚಿಸಿಕೊಳ್ಳುವುದು ಮೇಲು. ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಗಂಡುಕರುವಿಗೆ ಉಳುಮೆಯಲ್ಲಿ ಜಾಗವಿಲ್ಲ. ಮೇಲೆ ಹೇಳಿದ ಕಾಯಿದೆ ಹಸು, ಕರು, ಹೋರಿ, ಎತ್ತುಗಳ ಹತ್ಯೆಯನ್ನು ನಿಷೇಧಿಸಿರುವುದರಿಂದ ಅದನ್ನೂ ಮುದಿಹಸುವನ್ನೂ ಕೊಳ್ಳುವವರು ವಿರಳ. ಹೆಣ್ಣುಕರುವಿನ ಸಂಭವವನ್ನು ಬಹುಮಟ್ಟಿಗೆ ಹೆಚ್ಚಿಸುವ ಲಿಂಗ ನಿರ್ಧರಿತ ವೀರ್ಯ ಈಗ ದೊರೆಯುತ್ತಿದ್ದು ಒಂದೇ ಹಸುವಿನ ಮನೆಗೆ ಅದು ನಿಜವಾದ ಅನುಕೂಲ. ಆದರೂ ಕರೆಯದ ದನವೊಂದಕ್ಕೆ ಕೆಲವು ವರ್ಷ ಹುಲ್ಲು ಹಾಕಬೇಕಾದೀತೆಂಬ ಅಂಶವನ್ನು ಮೇವಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡವರು ಆಮೇಲೆ ದನವನ್ನು ಬೀದಿಗೆ ಅಟ್ಟುವ ಸಂಕಟಕ್ಕೆ ಬೀಳುವುದಿಲ್ಲ.

ಕೊನೆಯದಾಗಿ ಕೈಗಳ ವಿಷಯ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದು-ಆರಕ್ಕೊಮ್ಮೆ, ವರ್ಷದಲ್ಲಿ ಮುನ್ನೂರು ದಿನ ಕರೆಯಲೇಬೇಕಾದ ಈ ಕೆಲಸ ಮದುವೆ, ತಿಥಿ, ಆಸ್ಪತ್ರೆ, ಚುನಾವಣೆ ಯಾವುದನ್ನೂ ಲೆಕ್ಕಿಸುವುದಿಲ್ಲ; ಬಹುಪಾಲು ಮನೆಗಳಲ್ಲಿ ಹಸು ತರುವ ತೀರ್ಮಾನ ಗಂಡಸರದಾಗಿ ಸಗಣಿ ಬಾಚುವ, ಕರೆಯುವ, ಕಲಗಚ್ಚು ಕಲಸುವ ದುಡಿಮೆ ಹೆಂಗಸರ ಪಾಲಿಗೆ ಬೀಳುವುದನ್ನು ಹಿರಿಯರು ನೋಡಿಯೂ ನೋಡದಂತೆ ಇದ್ದದ್ದು ಸಾಕು. ಮನೆಯ ಇಬ್ಬರಾದರೂ ಕರೆಯುವುದನ್ನು ಕಲಿತಿರಬೇಕು. ಅವರಲ್ಲದೆ ಪಕ್ಕದ ಮನೆಯ ಒಬ್ಬರನ್ನು ತಿಂಗಳಿಗೆ ಒಂದೆರಡು ಬಾರಿ ಕರೆಯಲು ಕೂರಿಸಿ, ಆ ಹೊತ್ತಿನ ಹಾಲನ್ನು ಅವರಿಗೇ ಕೊಟ್ಟು ಕಳುಹಿಸುವ ಪದ್ಧತಿ ಇಟ್ಟುಕೊಂಡರೆ, ಹಸುವಿಗೆ ಮೂರನೆಯ ಕೈಯ ಪರಿಚಯ ಉಳಿದು, ಮನೆಯವರೆಲ್ಲ ಧರ್ಮಸ್ಥಳಕ್ಕೋ ಮದುವೆಗೋ ಹೊರಟ ದಿನ ಅದು ಆ ಕೈಗೂ ಸೊರೆ ಬಿಡುತ್ತದೆ.